ಬಾಗಿಲು ಕಿಟಕಿ ಮೂಸಿ

ಯಾರೋ ಮತ್ತೆ ಕಾಂಪೌಂಡ್ ಗೋಡೆಗೆ ಉಚ್ಚೆ ಹೊಯ್ದಿದ್ದಾರೆ, ಏನು ಘಾಟು ಇದು, ಎರಡು ದಿನ ಬಿಸಿಲಲ್ಲಿ ಕಾದ ಘಾಟು, ನಿನ್ನೆಯಷ್ಟೇ ಮುಂದೆ ನಿಂತು ಎರಡು ಬುಟ್ಟಿ ಬ್ಲೀಚಿಂಗ್ ಪೌಡರು ಹೊಡೆಸಿದ್ದಾಯಿತಲ್ಲ ಎಂದುಕೊಳ್ಳುತ್ತ ಶಾಮಲಾ ಇನ್ನೊಂದು ಚೀಟಿಗೆ ಠಸ್ಸೆ ಒತ್ತಿದಳು — ಉಸಿರು ಕಟ್ಟಿದವರು ಏಳು, ಉಸಿರು ಕಟ್ಟಿದವರು ಎಂಟು, ಇನ್ನೆರಡು ಬೇಕು, ದಾರ ಪೋಣಿಸಿ ಕೊರಳಿಗೆ ಹಾಕಿದರಾಯಿತು, ಆ ಕಾಲೇಜಿನ ಮಕ್ಕಳು ಶಾಲೆಯ ಮೈದಾನದಲ್ಲಿ ಅಂಗಾತ ಮಲಗಿ ಉಸಿರು ಕಟ್ಟಿದವರಾಗುತ್ತಾರೆ, ಹನ್ನೊಂದಕ್ಕೆ ಸೈರನ್ನು, ಹನ್ನೊಂದೂ ಐದಕ್ಕೆ ಆಂಬುಲೆನ್ಸು, ಹನ್ನೆರಡಕ್ಕೆ ಪುಲಾವಿನ ಪೊಟ್ಟಣ, ಹದಿನೈದು ದಿನದಿಂದ ನಗರಪಾಲಿಕೆ ಆಫೀಸಿನ ನರ್ಸಿಂಗ್ ಸರ್ ಬಾಯಲ್ಲಿ ಇದೇ ಜಪ, ನಾಚಾರಂನ ಇಷ್ಟು ಫ್ಯಾಕ್ಟರಿಗಳಲ್ಲಿ ಯಾವುದೋ ಒಂದರಿಂದ ವಿಷಗಾಳಿ ಬಿಟ್ಟರೆ ಜನ ಏನು ಮಾಡಬೇಕು, ನೌಕರರು ಏನು ಮಾಡಬೇಕು, ಅದರ ತಾಲೀಮು, ಮಾಕ್ ಡ್ರಿಲ್ಲು. ಅಂಗೈ ತುಂಬ ನೇರಳೆ ಇಂಕು. ಸಂಜೆ ಮನೆಗೆ ಹೋದರೆ ಶರ್ವರಿ ಬಾಗಿಲಲ್ಲೇ ಹಿಡಿಯುತ್ತಾಳೆ, ಚಪ್ಪಲಿ ಬಿಡಲೂ ಬಿಡದೆ ಅಂಗೈ ಹಿಡಿದೆಳೆದು ಮೂಸಿ, ಇವತ್ತು ಫಿನೈಲ್, ಇವತ್ತು ಬ್ಲೀಚಿಂಗು, ಇವತ್ತು ನೀ ಬರೇ ಕುಂತಿದ್ದಿ, ಬಜ್ಜಿ ತಿಂದಿದಿ, ಎಂದು ವರದಿ ಒಪ್ಪಿಸುತ್ತಾಳೆ, ಆರು ವರ್ಷದ ಹುಡುಗಿ, ಎಲ್ಲವನ್ನೂ ಮೂಗಿನಿಂದಲೇ ನೋಡುತ್ತಾಳೆ, ಹೊಸ ಪುಸ್ತಕ ಕೊಟ್ಟರೆ ಮೊದಲು ಮೂಗು, ಟಿಫಿನ್ ಡಬ್ಬಿಯ ಮುಚ್ಚಳ ತೆಗೆದರೆ ಮೊದಲು ಮೂಗು, ತುದಿಯಲ್ಲಿ ಸ್ವಲ್ಪ ಮೇಲೆದ್ದ, ಶೇಂಗಾ ಕಾಳಿನಷ್ಟು ಮೂಗು. ಇವತ್ತು ಏನು ಹೇಳುತ್ತಾಳೆ, ಇಂಕು ಅನ್ನುತ್ತಾಳೆ. ಡ್ರಿಲ್ಲಿಗೆಂದು ಶಾಲೆಗೇ ರಜೆ ಕೊಟ್ಟಿದ್ದಾರೆ, ಶಾಲೆಯ ಮೈದಾನವೇ ಜನ ಸೇರುವ ಜಾಗವಾಗಿ ಮಕ್ಕಳು ಮನೆಯಲ್ಲಿ, ಮನೆಯಲ್ಲಿ ಯಾರಿದ್ದಾರೆ, ಗಂಡ ಗುರುಶಾಂತ ಬೆಳಿಗ್ಗೆ ಎಂಟೂವರೆಗೇ ದಿಲ್‌ಸುಖ್‌ನಗರದ ಬಟ್ಟೆಯಂಗಡಿಗೆ ಹೋದ, ಅಲ್ಲಿ ಕೆಲಸದವರ ಫೋನೆಲ್ಲ ಮಾಲೀಕನ ಡ್ರಾವರಿನಲ್ಲಿ, ಅದಕ್ಕೇ ಶರ್ವರಿಯನ್ನು ಗಂಗಾಬಾಯಿಯ ಶೆಡ್ಡಿನಲ್ಲಿ ಬಿಟ್ಟು ಬಂದದ್ದು, ಐಸ್ ಫ್ಯಾಕ್ಟರಿಯ ಹಿಂದಿನ ತಗಡಿನ ಶೆಡ್ಡಿನ ಸಾಲು, ಚಿಂಚೋಳಿ, ಹುಮನಾಬಾದ್ ಕಡೆಯ ಕಟ್ಟಡ ಕೆಲಸದವರು, ಹೋಗ್ರಿ ಅಕ್ಕಾರ, ನನ್ನ ಕೂಸಿನಂಗ ನೋಡ್ಕೋತೀನಿ ಎಂದಳು ಗಂಗಾಬಾಯಿ, ಅಂದ ಹಾಗೆ ಈ ಘಾಟು ಗೋಡೆಯ ಕಡೆಯಿಂದ ಬರುತ್ತಿಲ್ಲ.

ಸೈರನ್ನು. ಶಾಮಲಾ ಗೋಡೆಯ ಗಡಿಯಾರ ನೋಡಿದಳು, ಹತ್ತೂ ನಲವತ್ತು, ನರ್ಸಿಂಗ್ ಸರ್ ಕೂಡ ಶಾಮಿಯಾನದ ಕೆಳಗೆ ತನ್ನ ಕೈಗಡಿಯಾರ ನೋಡಿಕೊಂಡ, ಅದನ್ನು ಕಿವಿಗೆ ಹಿಡಿದು ಅಲ್ಲಾಡಿಸಿದ, ಅರೇ ಇರವೈ ನಿಮಿಷಾಲ್ ಮುಂದುಗಾಲ ಎವಡ್ರಾ ಕೊಟ್ಟಿಂಡು, ಇಪ್ಪತ್ತು ನಿಮಿಷ ಮೊದಲೇ ಯಾವನೋ ಒತ್ತಿದ್ದು, ಫೋಟೋಗ್ರಾಫರೇ ಇನ್ನೂ ಬಂದಿಲ್ಲವಲ್ಲ ಎಂದು ಕೂಗಾಡಿದ, ಎಲ್ಲರೂ ನಕ್ಕರು, ಶಾಮಲಾ ಕೂಡ ನಕ್ಕಳು, ಚೀಟಿಗಳನ್ನು ಸೆರಗಿನಲ್ಲಿ ತುಂಬಿಕೊಂಡು ಮೈದಾನಕ್ಕೆ ಓಡಿದಳು, ಮಲಗ್ರಿ ಮಲಗ್ರಿ, ಪಡುಕೋಂಡಿ, ಅರೇ ಲೇಟ್ ಜಾವ್, ಒಂದೇ ಉಸಿರಿನಲ್ಲಿ ಮೂರು ಭಾಷೆ, ಈ ಊರಲ್ಲಿ ಹದಿನಾಲ್ಕು ವರ್ಷ ಬಾಳಿದ ಬಾಯಿ ಇದು, ಯಾರ ಮುಖ ನೋಡಿದರೆ ಯಾವ ಭಾಷೆ ಬರುತ್ತದೋ ಅದಕ್ಕೇ ಗೊತ್ತು. ಕೈಗೆ ಸಿಕ್ಕವರ ಕೊರಳಿಗೆ ಚೀಟಿ ಹಾಕಿದಳು, ಹುಡುಗರು ಹಲ್ಲು ಕಿಸಿಯುತ್ತ ಮಲಗಿದರು, ಒಬ್ಬ ಮಾತ್ರ ಮಲಗಿದವನು ಎದ್ದು ಕೂತ, ಉಸಿರು ಕಟ್ಟಿದವರು ಐದು, ಕೆಮ್ಮಿದ, ಪರವಾಗಿಲ್ಲವೇ ಚೆನ್ನಾಗಿ ನಟಿಸುತ್ತಾನೆ ಎಂದುಕೊಂಡಳು, ಮತ್ತೆ ಕೆಮ್ಮಿದ, ಕಣ್ಣಿಂದ ಮೂಗಿಂದ ನೀರು, ಕೊರಳಿನ ಚೀಟಿಯನ್ನು ಕಿತ್ತು ಎಸೆದ, ಆಂಟೀ ಇದು ನಿಜ, ಆಂಟೀ ನಿಜಂಗಾನೇ, ಆಗ ಅವಳ ಕಣ್ಣು ಧ್ವಜದ ಕಂಬಕ್ಕೆ ಹೋಯಿತು, ಗಾಳಿಯ ದಿಕ್ಕು ತಿಳಿಯಲೆಂದು ಬೆಳಿಗ್ಗೆ ತಾನೇ ಕಟ್ಟಿಸಿದ ಕೆಂಪು ರಿಬ್ಬನ್ನು ನೆಟ್ಟಗೆ ಚಾಚಿ ಇತ್ತ ಬರುತ್ತಿದೆ, ಐಸ್ ಫ್ಯಾಕ್ಟರಿಯ ಕಡೆಯಿಂದ, ಗೋಡೆಯಲ್ಲ, ಉಚ್ಚೆಯಲ್ಲ, ಅಮೋನಿಯಾ, ಟ್ರೇನಿಂಗಿನಲ್ಲಿ ಹೇಳಿದ್ದರಲ್ಲ, ಮೂತ್ರದ ನಾತದಂತೆ ಶುರುವಾಗುತ್ತದೆ, ಕಣ್ಣುರಿ, ಆಮೇಲೆ ಗಂಟಲು, ಆಮೇಲೆ — ಐಸ್ ಫ್ಯಾಕ್ಟರಿಗೂ ಈ ಮೈದಾನಕ್ಕೂ ನಡುವೆ ಏನಿದೆ, ಒಂದು ಮೋರಿ, ಒಂದು ಗುಜರಿ ಅಂಗಡಿ, ತಗಡಿನ ಶೆಡ್ಡಿನ ಸಾಲು. ಮೂಗು. ಹೆದರಬಾರದು, ಹೆದರಬಾರದು, ಗಂಗಾಬಾಯಿಗೆ ಎಲ್ಲ ಗೊತ್ತಿದೆ, ಆಟೋ ಹೊರಟಿರುತ್ತದೆ, ಸೈರನ್ನು ಆದ ತಕ್ಷಣ ಮೈಕು ಕಟ್ಟಿದ ಆಟೋ ಹೊರಡಬೇಕು, ಮೂರು ಭಾಷೆಯಲ್ಲಿ ಹೇಳಬೇಕು, ಕನ್ನಡದ್ದಂತೂ ತನ್ನದೇ ದನಿ, ಇಡೀ ಆಫೀಸಿನಲ್ಲಿ ಕನ್ನಡ ಬರುವವಳು ತಾನೊಬ್ಬಳೇ, ಮೀ ವಾಳ್ಳಕಿ ಮೀರೇ ಚೆಪ್ಪಾಲಿ ಅಮ್ಮಾ ಎಂದು ನರ್ಸಿಂಗ್ ಸರ್ ತೆಲುಗಿನ ಹಾಳೆ ಕೈಗಿತ್ತಿದ್ದ, ನಿಮ್ಮವರಿಗೆ ನೀವೇ ಹೇಳಬೇಕು, ಅವಳೇ ಕೂತು ಕನ್ನಡಕ್ಕೆ ಇಳಿಸಿ, ಸ್ಟೋರ್ ರೂಮಿನಲ್ಲಿ ಪೌಡರಿನ ಚೀಲಗಳ ನಡುವೆ ಫ್ಯಾನು ಬಂದ್ ಮಾಡಿ ಬೆವರುತ್ತ ರೆಕಾರ್ಡು ಮಾಡಿದ್ದು, ಗಂಗಾಬಾಯಿ ಆ ದನಿ ಕೇಳಿದರೆ ಸಾಕು, ಬಾಗಿಲು ಕಿಟಕಿ ಭದ್ರ ಮಾಡಿ, ಸಂದಿಗೆ ಒದ್ದೆ ಬಟ್ಟೆ ತುರುಕಿ, ಕೂಸನ್ನು ತಬ್ಬಿಕೊಂಡು —

ಬಂತು, ಗುಜರಿ ಅಂಗಡಿಯ ಆಚೆ ಎಲ್ಲೋ ಆಟೋದ ಮೈಕು, ಗಾಳಿ ಅದನ್ನೂ ಹೊತ್ತು ತಂದಿತು. ಮೊದಲು ತೆಲುಗು, ಯಾರೋ ರೇಡಿಯೋ ದನಿಯ ಹೆಣ್ಣುಮಗಳು, ತಲುಪುಲು ಕಿಟಿಕೀಲು ಮೂಸಿ ಇಂಟ್ಲೋನೇ ಉಂಡಂಡಿ, ಆಮೇಲೆ ಹಿಂದಿ, ದರ್ವಾಜೆ ಖಿಡ್ಕಿಯಾಂ ಬಂದ್ ಕರಕೇ, ಆಮೇಲೆ ಅವಳದೇ ದನಿ, ಸ್ವಲ್ಪ ನೆಗಡಿಯಾದಂತೆ, ಬೀದರಿನ ಎಳೆತದಲ್ಲಿ, ಅಣ್ಣಾವ್ರೇ ಅಕ್ಕಾವ್ರೇ, ಕಾರ್ಖಾನಿ ಗ್ಯಾಸ್ ಬಿಟ್ಟೈತಿ, ಗಾಬರಿ ಆಗಬ್ಯಾಡ್ರಿ, ಬಾಗಿಲು ಕಿಟಕಿ ಮೂಸಿ ಮನೀ ಒಳಗ ಇರ್ರಿ. ಶಾಮಲಾ ನಿಂತಲ್ಲೇ ನಿಂತಳು. ಬಾಗಿಲು ಕಿಟಕಿ ಮೂಸಿ. ಏನಂದೆ ನಾನು. ಮೂಸಿ ಎಂದರೆ ತೆಲುಗಿನಲ್ಲಿ ಮುಚ್ಚಿ, ತೆಲುಗಿನಲ್ಲಿ, ಕನ್ನಡದಲ್ಲಿ — ಅಯ್ಯೋ, ಕನ್ನಡದಲ್ಲಿ ಮೂಸಿ ಎಂದರೆ — ಕಿಟಕಿಗೆ ಮೂಗು ಕೊಟ್ಟು ಎಳೆದುಕೊಳ್ಳಿ ಎಂದೆನೇ ನಾನು, ವಿಷಗಾಳಿ ಬಂದಿದೆ, ಕಿಟಕಿ ಮೂಸಿ. ಭಾನುವಾರ ಮಧ್ಯಾಹ್ನ, ಕುಕ್ಕರು ಮೂರನೇ ಸೀಟಿ ಹೊಡೆಯುತ್ತಿತ್ತು, ಶರ್ವರಿಯ ಯೂನಿಫಾರ್ಮು ಬಕೆಟ್ಟಿನಲ್ಲಿ ನೆನೆಯುತ್ತಿತ್ತು, ಎಡಗೈಯಲ್ಲಿ ತೆಲುಗಿನ ಹಾಳೆ, ಬಲಗೈಯಲ್ಲಿ ಪೆನ್ನು, ಆ ಅಕ್ಷರಕ್ಕೂ ಈ ಅಕ್ಷರಕ್ಕೂ ಅಕ್ಕತಂಗಿಯರ ಹೋಲಿಕೆ, ಕಣ್ಣು ಅಲ್ಲಿಂದ ಎತ್ತಿದ ಮಾತನ್ನು ಕೈ ಇಲ್ಲಿ ಇಳಿಸಿಬಿಟ್ಟಿದೆ, ನಡುವೆ ತಲೆ ಎಂಬುದು ಇರಲೇ ಇಲ್ಲ, ತಲೆ ಕುಕ್ಕರಿನಲ್ಲಿತ್ತು. ಓದಿದಾಗಲೂ ತಿಳಿಯಲಿಲ್ಲ, ರೆಕಾರ್ಡು ಮಾಡಿ ಎರಡು ಸಲ ಕೇಳಿದಾಗಲೂ, ಹದಿನಾಲ್ಕು ವರ್ಷದಿಂದ ಮನೆಯ ಹೊರಗೆಲ್ಲ ತಲುಪು ಮೂಸೇ, ಶಟರು ಮೂಸೇ, ಕಿವಿ ಯಾವ ಮಗ್ಗುಲಿಗೆ ಮಲಗಿದರೂ ಅದೇ ಅರ್ಥ, ನರ್ಸಿಂಗ್ ಸರ್ ಕೂಡ ಕೇಳಿಸಿಕೊಂಡು ತಲೆದೂಗಿದ, ಬಾಗುಂದಿ ಅಮ್ಮಾ, ಮೀ ಕನ್ನಡಂ ಕೂಡಾ ಅರ್ಥಮವುತುಂದಿ ಎಂದ, ನಿಮ್ಮ ಕನ್ನಡವೂ ಅರ್ಥವಾಗುತ್ತದೆ ಎಂದ, ಆಗಲೇ ಎಚ್ಚರಾಗಬೇಕಿತ್ತು. ಎಚ್ಚರಿಸಿದವಳು ಒಬ್ಬಳಿದ್ದಳಲ್ಲ. ನಿನ್ನೆ ಆಟೋ ಪರೀಕ್ಷೆಗೆಂದು ಶೆಡ್ಡಿನ ಓಣಿಯಲ್ಲಿ ಒಂದು ಸುತ್ತು ಹಾಕಿದಾಗ ಗಂಗಾಬಾಯಿ ಬಾಯಿಗೆ ಸೆರಗು ಹಚ್ಚಿಕೊಂಡು ನಕ್ಕಳು, ಅಲ್ರೀ ಅಕ್ಕಾರ, ಕಿಟಕಿ ಯಾಕ ಮೂಸಬೇಕ್ರಿ, ಅದೇನ್ ಮಲ್ಲಿಗಿ ಹೂವೇನು, ಮತ್ತೆ ತಾನು, ಇನ್ನೂ ನಾಲ್ಕು ಓಣಿ ಬಾಕಿ ಇದ್ದವು, ಕಾಲು ನೋಯುತ್ತಿತ್ತು, ಇವಳು ಎಂದಿನಂತೆ ತಮಾಷೆಗೆ ಇಳಿದಿದ್ದಾಳೆ ಎಂದುಕೊಂಡು, ಮಾತಿನ ಅರ್ಥ ಕಿವಿಯ ಹೊಸ್ತಿಲನ್ನೂ ದಾಟದೆ, ನಗಬ್ಯಾಡ ಗಂಗಾಬಾಯಿ, ಸರಕಾರದ ಮಾತು ಇದು, ಹೇಳಿದಷ್ಟ ಮಾಡು, ಹೆಚ್ಚಿಗಿ ಶಾಣ್ಯಾತನ ಬ್ಯಾಡ. ಆಗ ಗಂಗಾಬಾಯಿ ಗಂಭೀರಳಾದಳು. ಹೂಂ ಮತ್ತ, ಗ್ಯಾಸ್ ಬಂತೋ ಇಲ್ಲೋ ಹ್ಯಾಂಗ ಗೊತ್ತಾಗಬೇಕು, ಮೂಸೇ ನೋಡಬೇಕು, ಖರೇ ಐತಿ ಎಂದು ತನಗೆ ತಾನೇ ಒಪ್ಪಿಸಿಕೊಂಡಳು, ಪಕ್ಕದಲ್ಲಿ ನಿಂತ ಶರ್ವರಿಯ ಗಲ್ಲ ಹಿಂಡಿ, ನಮ್ಮ ಮೂಗಿನ ಬಾಯಾರು ಇರಾಕ ನಮಗ್ಯಾತರ ಚಿಂತಿ, ನೀ ಮೂಸವ್ವಾ, ನಾ ನಿನ್ನ ಹಿಡ್ಕೋತೀನಿ.

ಯಾವಾಗ ಓಡತೊಡಗಿದಳೋ ಅವಳಿಗೇ ತಿಳಿಯದು, ಮೈದಾನದ ಗೇಟು ದಾಟಿಯಾಗಿತ್ತು, ಸೆರಗಿನ ಚೀಟಿಗಳು ದಾರಿಯುದ್ದ ಉದುರುತ್ತಿದ್ದವು, ಕಿತ್ತಳೆ ಜಾಕೆಟ್ಟಿನ ಹುಡುಗಿಯೊಬ್ಬಳು ಅಡ್ಡ ಬಂದು, ಮೇಡಂ ನೀವು ಆ ಕಡೆ ಹೋಗಬಾರದು, ಡ್ರಿಲ್ಲಿನಲ್ಲಿ ನಿಮ್ಮ ಜಾಗ ಮೈದಾನ, ಎಂದದ್ದನ್ನು ಅವಳು ಭುಜದಿಂದ ತಳ್ಳಿ ದಾಟಿದಳು, ಗಾಳಿಗೆ ಎದುರಾಗಿ ಓಡಬಾರದು, ಗಾಳಿಗೆ ಅಡ್ಡವಾಗಿ ನಡೆಯಬೇಕು, ಓಡಿದರೆ ಉಸಿರು ಹೆಚ್ಚು ಎಳೆಯಬೇಕಾಗುತ್ತದೆ, ನಿಯಮ ಮೂರು, ನಿಯಮ ನಾಲ್ಕು, ಅವಳೇ ನೂರು ಹಾಳೆ ಝೆರಾಕ್ಸ್ ಮಾಡಿಸಿ ಹಂಚಿದ್ದಳು. ಯಾದಗಿರಿಗೆ ಫೋನು, ಆಟೋದವನಿಗೆ, ಅವನು ಆ ರೆಕಾರ್ಡು ನಿಲ್ಲಿಸಿಬಿಟ್ಟರೆ ಸಾಕು, ನೇರಳೆ ಹೆಬ್ಬೆರಳು, ಸ್ವಿಚ್ ಆಫ್, ಯಾಕೆ ಸ್ವಿಚ್ ಆಫ್, ನೀನೇ ಹೇಳಿದ್ದೆಯಲ್ಲ ಶಾಮಲಾ, ಅವನ ಫೋನಿನಿಂದಲೇ ಮೈಕಿಗೆ ವೈರು ಕೊಟ್ಟಿದೆ, ನಡುವೆ ಯಾರದಾದರೂ ಕರೆ ಬಂದರೆ ಮಾತು ತುಂಡಾಗುತ್ತದೆ, ಏರೋಪ್ಲೇನ್ ಮೋಡಿಗೆ ಹಾಕು ಯಾದಗಿರಿ, ಏನೇ ಆದರೂ ಮೂರು ಸುತ್ತು ಮುಗಿಸದೆ ನಿಲ್ಲಿಸಬೇಡ, ನಿಯತ್ತಿನ ಮನುಷ್ಯ, ಕೊಟ್ಟ ಮಾಸ್ಕು ಏರಿಸಿಕೊಂಡು ಡ್ರಿಲ್ಲೆಂದೇ ನಂಬಿ ಸುತ್ತುತ್ತಿರುತ್ತಾನೆ. ಗಂಗಾಬಾಯಿಯ ಫೋನು, ಒಂದು ರಿಂಗು, ಎರಡು ರಿಂಗು, ಎತ್ತಿದರು, ಗಂಗಾಬಾಯಿಯ ಗಂಡನ ದನಿ, ಹಿಂದೆ ಕಾಂಕ್ರೀಟು ಮಶೀನಿನ ಗಡಗಡ, ಹಲೋ ಅಕ್ಕಾರ, ನಾ ಅಮರಯ್ಯರಿ, ಫೋನ್ ನಾನ ತಂದೀನ್ರಿ ಸೈಟಿಗೆ, ಹತ್ತನೇ ಅಂತಸ್ತಿನ ಮ್ಯಾಲ ಅದೀನಿ, ಯಾಕ್ರಿ, ಅಮರಯ್ಯಾ ನಿಮ್ಮ ಶೆಡ್ಡಿನ ಬಾಜೂಕ ಯಾರ ನಂಬರಾರ ಐತೇನು, ಗ್ಯಾಸ್ ಬಿಟ್ಟೈತಿ, ಖರೇನೇ ಬಿಟ್ಟೈತಿ, ಗಡಗಡದಲ್ಲಿ ಅವನಿಗೆ ಅರ್ಧವೇ ಕೇಳಿಸಿತು, ಹಾಂ ಡ್ರಿಲ್ಲಲ್ರೀ, ನಿನ್ನಿನ ಹೇಳ್ಯಾಳ್ರಿ ಆಕಿ, ಕಾಳಜಿ ಮಾಡಬ್ಯಾಡ್ರಿ ಅಕ್ಕಾರ, ನನ್ನ ಮಾತು ಕೇಳಂಗಿಲ್ಲ ಖರೇ, ನಿಮ್ಮ ದನಿ ಅಂದ್ರ ದೇವರ ಅಪ್ಪಣಿ ಆಕಿಗಿ, ಒಂದ ಅಕ್ಷರ ಆಚಿ ಈಚಿ ಆಗಂಗಿಲ್ಲ. ಆಗಲಿ, ಒಂದಕ್ಷರ ಆಚೆ ಈಚೆ ಆಗಲಿ, ದೇವರೇ, ಮೈಲಾರಲಿಂಗಾ, ಇವತ್ತೊಂದು ದಿನ ಗಂಗಾಬಾಯಿ ನನ್ನ ಮಾತು ಮೀರಲಿ, ಕಿವುಡಿಯಾಗಲಿ, ನೀರಿಗೆ ಹೋಗಿರಲಿ, ಪಕ್ಕದ ಶೆಡ್ಡಿನವಳ ಜೊತೆ ಜಗಳಕ್ಕೆ ನಿಂತಿರಲಿ. ಗಂಟಲಲ್ಲಿ ಸೂಜಿ, ಕಣ್ಣು ತೆರೆದರೆ ಖಾರದಪುಡಿ, ಗುಜರಿ ಅಂಗಡಿಯ ಡ್ರಮ್ಮಿನಲ್ಲಿ ನೀರಿತ್ತು, ಸೆರಗು ಅದ್ದಿ ಮುಖಕ್ಕೆ ಸುತ್ತಿದಳು, ಸೊಳ್ಳೆ ಮರಿಯ ನೀರು, ಮೊನ್ನೆ ತಾನೇ ಇದಕ್ಕೆ ನೋಟಿಸು ಕೊಟ್ಟಿದ್ದಳು. ಎದುರಿನಿಂದ ಜನ ಬರುತ್ತಿದ್ದಾರೆ, ಟವೆಲು ಸುತ್ತಿಕೊಂಡವರು, ಬರಿಗಾಲಿನವರು, ಒಬ್ಬಳ ಕೈಯಲ್ಲಿ ಕೋಳಿ, ಮಕ್ಕಳ ಮುಖ ಒಂದೊಂದನ್ನೂ ನೋಡಿದಳು, ಈ ಮೂಗಲ್ಲ, ಈ ಮೂಗೂ ಅಲ್ಲ. ನಾಗೋಲಿನ ಸೇತುವೆಯ ಮೇಲೆ ಬಸ್ಸು ಹೋಗುವಾಗ ಎಲ್ಲರೂ ಮೂಗು ಮುಚ್ಚಿದರೆ ಶರ್ವರಿ ಮಾತ್ರ ಕಿಟಕಿಯ ಸರಳಿಗೆ ಮೂಗು ಒತ್ತಿ ಜಗ್ಗಿ ಎಳೆಯುತ್ತಾಳೆ, ಏ ಹುಚ್ಚಿ, ಹೊಲಸು ನಾತ ಅದು, ಒಳಗ ಬಾ, ಅಂದರೆ, ಅಪ್ಪಾ ಹೇಳ್ಯಾನ, ಈ ನದಿ ಹೆಸರು ಮೂಸಿ ಐತಿ, ಮೂಸಿ ಅಂದಮ್ಯಾಲ ಮೂಸಬೇಕಲ್ಲ, ಗುರುಶಾಂತ ಬಸ್ಸಿನ ತುಂಬ ಕೇಳುವಂತೆ ನಕ್ಕಿದ್ದ, ಅವಳೂ ನಕ್ಕಿದ್ದಳು, ಆ ನಗುವಿನಲ್ಲೇ ಎಲ್ಲವೂ ಇತ್ತಲ್ಲ, ಮೂಸಿ ಎಂಬ ಮಾತನ್ನು ಮನೆಯಲ್ಲೇ ಇಟ್ಟುಕೊಂಡು ಆಡಿಸಿದ್ದೆವಲ್ಲ, ಬರೆಯುವಾಗ ಎಲ್ಲಿ ಸತ್ತಿತ್ತು ಅದು.

ಶೆಡ್ಡಿನ ಓಣಿ ಬಿಳಿಚಿಕೊಂಡಿತ್ತು, ಹೊಗೆಯಲ್ಲ, ಮಂಜೂ ಅಲ್ಲ, ಐಸ್ ಪೆಟ್ಟಿಗೆಯ ಬಾಗಿಲು ತೆರೆದಾಗ ಕಾಲ ಬಳಿ ಇಳಿಯುತ್ತದಲ್ಲ ಅಂಥದು, ಮೊಣಕಾಲಿನವರೆಗೆ, ಶರ್ವರಿ ಎಷ್ಟು ಎತ್ತರ, ನಿಂತರೆ ನನ್ನ ಸೊಂಟ, ಕೂತರೆ ಮೊಣಕಾಲು. ಒಂದನೇ ಶೆಡ್ಡು ಬೀಗ, ಎರಡನೆಯದು ಬಾಗಿಲು ಹಾರುಹೊಡೆದು ಖಾಲಿ, ಮೂರನೆಯದು ಬೀಗ, ಓಡಿಹೋಗಿದ್ದಾರೆ, ಸೈರನ್ನು ಕೇಳಿ, ಘಾಟಿಗೆ, ತಮ್ಮ ಬುದ್ಧಿಗೆ, ಯಾರ ಮಾತಿಗೂ ಕಾಯದೆ, ಎಂಥ ಒಳ್ಳೆಯ ಜನ, ಐದನೆಯದು ಗಂಗಾಬಾಯಿಯದು, ನೀಲಿ ತಗಡು, ಚಿಲಕ ಒಳಗಿನಿಂದ. ಒಳಗಿದ್ದಾರೆ. ಒಳಗ ಇರ್ರಿ ಎಂದೆನಲ್ಲ, ಇದ್ದಾರೆ. ಬಡಿದಳು, ಗಂಗಾಬಾಯೀ, ಬಾಯಿಗೆ ಸುತ್ತಿದ ಒದ್ದೆ ಸೆರಗು ದನಿಯನ್ನು ನುಂಗಿತು, ಗಂಟಲಿನಿಂದ ಬಂದದ್ದು ಹಳೇ ಬಾಗಿಲಿನ ಕಿರಕ್ಕು, ಒಳಗಿನಿಂದ ಕೆಮ್ಮು, ದೊಡ್ಡ ಕೆಮ್ಮು, ಆಮೇಲೆ ಸಣ್ಣ ಕೆಮ್ಮು, ಸಣ್ಣ ಕೆಮ್ಮು, ಅಬ್ಬಾ ಕೆಮ್ಮು, ಕೆಮ್ಮಲಿ, ಯಾರ್ರೀ, ತಗಿಯಂಗಿಲ್ರೀ, ಆರ್ಡರ್ ಐತ್ರಿ, ಎಂದಳು ಗಂಗಾಬಾಯಿ, ನಾನಽ, ನಾನಽ ಗಂಗಾಬಾಯಿ, ಶಾಮಲಾ, ಒಳಗಿನಿಂದ ಗಂಗಾಬಾಯಿ, ಸುಳ್ಳ ಹೇಳಬ್ಯಾಡ್ರಿ, ಅಕ್ಕಾರ ದನಿ ನನಗ ಗೊತ್ತಿಲ್ಲೇನು. ಆಗ ಓಣಿಯ ತುದಿಯಲ್ಲಿ ಆಟೋ ತಿರುಗಿತು, ಮೂರನೇ ಸುತ್ತು, ಹೆಡ್‌ಲೈಟು ಹಳದಿಯಾಗಿ ಬಿಳಿಯಲ್ಲಿ ಕರಗಿ, ತಗಡೆಲ್ಲ ಝಣಝಣ ಎನ್ನುವಂತೆ ತೆಲುಗು, ಹಿಂದಿ, ಕೈ ಬೀಸಿದಳು, ನಿಲ್ಲಿಸೋ ಯಾದಗಿರಿ, ಆಪು, ಬಂದ್ ಕರ್, ಅವನು ಮಾಸ್ಕಿನೊಳಗಿನಿಂದ ಹೆಬ್ಬೆರಳು ಎತ್ತಿ ತೋರಿಸಿದ, ಎಲ್ಲ ಚೆನ್ನಾಗಿ ನಡೆದಿದೆ ಮೇಡಂ, ಅಣ್ಣಾವ್ರೇ ಅಕ್ಕಾವ್ರೇ, ಅವಳ ದನಿ, ಅವಳಿಗಿಂತ ಹತ್ತು ಪಟ್ಟು ದೊಡ್ಡದು, ತುಂಡಿಲ್ಲದ್ದು, ಹೆದರಿಕೆಯಿಲ್ಲದ್ದು, ಒಳಗೆ ಮಗುವಿನ ದನಿ, ಅಮ್ಮ ಮತ್ತ ಹೇಳಾಕತ್ಯಾಳ, ಗಂಗಾಬಾಯಿ ಕೆಮ್ಮಿನ ನಡುವೆ, ಸಾಕವ್ವಾ, ಎರಡ ಸಲ ಆತು, ಕಣ್ಣ ಉರಿಯಾಕತ್ತಾವು, ಮತ್ತೆ ಮಗು, ಇಲ್ಲ, ಎಷ್ಟ ಸಲ ಹೇಳತಾಳ ಅಷ್ಟ ಸಲ ಮೂಸಬೇಕು, ಅಮ್ಮ ಬೈತಾಳ. ಮುಚ್ಚೇ ಎಂದು ಕೂಗಿದಳು ಶಾಮಲಾ, ಸೆರಗು ಕಿತ್ತೆಸೆದು ಕೂಗಿದಳು, ಮುಚ್ಚು, ಎಂಥ ಚಂದದ ಮಾತು, ಮುಚ್ಚು, ಭಾನುವಾರ ಬಾರದ ಮಾತು, ಮೈಕು ಅದರ ಮೇಲೆ ಹರಿದು ಹೋಯಿತು, ಬಾಗಿಲು ಕಿಟಕಿ ಮೂಸಿ, ಬಾಗಿಲ ಪಕ್ಕದ ಸಣ್ಣ ಕಿಟಕಿಯ ತಗಡಿನ ಕದ ಅಲ್ಲಾಡಿತು, ಸಂದಿಗೆ ತುರುಕಿದ್ದ ಒದ್ದೆ ಬಟ್ಟೆ ಜಾರಿ ಹೊರಗೆ ಬಿತ್ತು, ನಾಲ್ಕು ಬೆರಳಿನಷ್ಟು ಸಂದಿ, ಅದರಲ್ಲಿ ಮೊದಲು ಕತ್ತಲು, ಆಮೇಲೆ ಶೇಂಗಾ ಕಾಳಿನಷ್ಟು, ತುದಿಯಲ್ಲಿ ಸ್ವಲ್ಪ ಮೇಲೆದ್ದ, ಕೆಂಪಗೆ ಸೋರುತ್ತಿರುವ —

ಶಾಮಲಾ ಅಂಗೈ ಚಾಚಿ ಸಂದಿಯನ್ನು ಒತ್ತಿ ಹಿಡಿದಳು, ಅಂಗೈ ತುಂಬ ಮೂಗು, ತಣ್ಣಗಿನ ಒದ್ದೆ ತುದಿ, ಮೈಕು ದೂರ ಸರಿಯುತ್ತಿದೆ, ಹಿಂದೆ ಎಲ್ಲೋ ಆಂಬುಲೆನ್ಸು, ಖರೇ ಆಂಬುಲೆನ್ಸೋ ಡ್ರಿಲ್ಲಿನದೋ, ಅವಳ ಎದೆ ಕಟ್ಟಿದೆ, ಉಸಿರು ಕಟ್ಟಿದವರು ಒಂಬತ್ತು, ಹತ್ತು, ಮೂಗು ಅಂಗೈಯ ಮೇಲೆ ಒಮ್ಮೆ ಎಳೆಯಿತು, ಒಳಗೆ ಸೀಟಿಯಂಥ ಸದ್ದು, ನಿಂತಿತು, ಎಳೆ, ನಿಂತೇ ಇದೆ, ಎಳೆಯೇ ಶರ್ವರಿ, ಮತ್ತೊಮ್ಮೆ ಎಳೆಯಿತು, ತಗಡಿನ ಆಚೆಯಿಂದ ಹರಿದ ದಾರದಂಥ ದನಿ, ಇಂಕು, ಅಂದಿತು, ಅಮ್ಮಾ, ಇವತ್ತು ಇಂಕು. ಚಿಲಕ ತೆಗಿ, ಓಡಬೇಕು, ಎನ್ನಬೇಕು, ಎನ್ನುತ್ತಿದ್ದಾಳೆ, ಬಾಯಿ ಆಡುತ್ತಿದೆ, ಮಾತು ಬರುತ್ತಿಲ್ಲ, ಯಾವ ಭಾಷೆಯದೂ ಬರುತ್ತಿಲ್ಲ, ಅಂಗೈ ಮಾತ್ರ ಇದೆ, ಅಂಗೈಯಲ್ಲಿ ಮೂಗು, ಬಿಸಿಯಾಗಿ ಬಿಟ್ಟ ಒಂದು ಉಸಿರು, ಇನ್ನೊಂದಕ್ಕೆ ಕಾಯುತ್ತಿದೆ ಅಂಗೈ, ಮೂಗು, ಅಂಗೈ, ಮೂಗು